ನಸುಕಿನ ರೊಟ್ಟಿಯ ಲೆಕ್ಕ: ಫೋನಿನಲ್ಲೇ ಆ್ಯಪ್ ಬರೆದ ಒಂದು ಪ್ರಕರಣ

ಹಳೇ ಹುಬ್ಬಳ್ಳಿಯ ಒಂದು ಮನೆ. ತಾಯಿ ಖಡಕ್ ರೊಟ್ಟಿ ಮಾಡಿಸಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಮಗಳು ಪಿಯುಸಿ ಎರಡನೇ ವರ್ಷ, ಕಾಮರ್ಸ್. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮಗಳ ಕೈಯಲ್ಲಿ ಒಂದು ಅಗ್ಗದ ಆಂಡ್ರಾಯ್ಡ್ ಫೋನ್, ತಾಯಿಯ ಹತ್ತಿರ ಅದಕ್ಕಿಂತ ಹಳೆಯದು ಇನ್ನೊಂದು. ಆ ಫೋನಿನಲ್ಲೇ ಪ್ರೋಗ್ರಾಮಿಂಗ್ ಕಲಿತು, ಅದರಲ್ಲೇ ಬರೆದು, ಕೆಲಸದವರ ಕೂಲಿ ಲೆಕ್ಕಕ್ಕೆ ಹುಡುಗಿ ಒಂದು ಆ್ಯಪ್ ಮಾಡಿದಳು. ಆರು ಜನ ಕೆಲಸದವರಲ್ಲಿ ಐವರ ಲೆಕ್ಕ ಪೈಸೆ ಬಿಡದೆ ಕೂಡುತ್ತಿತ್ತು. ಒಬ್ಬ ಮುದುಕಿಯದು ಮಾತ್ರ ವಾರವಾರವೂ ಕಡಿಮೆ ಬರುತ್ತಿತ್ತು.

ಹುಬ್ಬಳ್ಳಿಯಲ್ಲಿ ರವಿವಾರ ಕಾಲೇಜು ಹುಡುಗ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವವನು ನಾನು. ‘ಸರ, ಲ್ಯಾಪ್‌ಟಾಪ್ ಇಲ್ರಿ, ಫೋನ್‌ನ್ಯಾಗ ಕಲಿಯಾಕ ಬರ್ತೈತೇನ್ರಿ?’ ಎಂದು ಕೇಳುವವರೇ ಹೆಚ್ಚು. ಐಐಐಟಿ 2015ರಲ್ಲಿ, ಐಐಟಿ 2016ರಲ್ಲಿ ಬಂದ ಅವಳಿ ನಗರದಲ್ಲೂ ಈ ಪ್ರಶ್ನೆ ಕಡಿಮೆಯಾಗಿಲ್ಲ. ಹಾಗೆ ಕೇಳಿದವರಿಗೆ ನಾನೀಗ ಈ ಹುಡುಗಿಯ ಪ್ರಕರಣ ಹೇಳುತ್ತೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಓಣಿ ಬಿಟ್ಟಿದ್ದೇನೆ.

ಮನೆಯ ಲೆಕ್ಕ

ಕೂಲಿ ದಿನದ ಲೆಕ್ಕವಲ್ಲ, ರೊಟ್ಟಿಯ ಲೆಕ್ಕ. ಎಷ್ಟು ಬಡಿದರೋ ಅಷ್ಟಕ್ಕೆ ದುಡ್ಡು. ಬೇಯಿಸಿ ಆರಿಸಿದ ರೊಟ್ಟಿಯನ್ನು 25ರ ಕಟ್ಟು ಮಾಡಿ ಇಡುತ್ತಾರೆ. ಕಟ್ಟುವ ಮೊದಲೇ ಎಣಿಸಿ, ಒಂದು ಕಟ್ಟಿನಷ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಪ್ರತಿಯೊಬ್ಬರಿಗೂ ಗೋಡೆಯಲ್ಲಿ ತಮ್ಮದೇ ಜಾಗವಿದೆ, ಓದು ಬರಹ ಬಾರದವರಿಗೂ ತಮ್ಮ ಗೆರೆ ಗೊತ್ತು. ರಾತ್ರಿ ತಾಯಿ ಗೆರೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ರವಿವಾರ ಸಂಜೆ ಬಟವಾಡೆ. ಅದಾದ ಮೇಲೆ ಒದ್ದೆ ಅರಿವೆಯಿಂದ ಗೋಡೆ ಒರೆಸಿದರೆ ಹೊಸ ವಾರ ಶುರು.

ಈ ವ್ಯವಸ್ಥೆಯಲ್ಲಿ ಕುಂದೇನೂ ಇರಲಿಲ್ಲ, ಬಟವಾಡೆಯ ದಿನ ತಾಯಿಗೆ ಎರಡು ತಾಸು ಕ್ಯಾಲ್ಕುಲೇಟರ್ ಒತ್ತುವುದು ತಪ್ಪುತ್ತಿರಲಿಲ್ಲ ಅನ್ನುವುದನ್ನು ಬಿಟ್ಟರೆ. ಸಂಕ್ರಾಂತಿ ಮುಂದೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಸೇರಿಕೊಂಡರೆ ದರ ಎರಡಾಗುತ್ತದೆ, ಸಿಟ್ಟೂ ಎರಡರಷ್ಟಾಗುತ್ತದೆ. ‘ಆ ಎರಡ ತಾಸು ಉಳಿಸ್ಬೇಕ್ರಿ ಸರ, ಅಷ್ಟ’ ಎಂದಳು ಹುಡುಗಿ. ಕಲಿಯಲು ಬರುವವರಲ್ಲಿ ಇಷ್ಟು ಸ್ಪಷ್ಟವಾದ ಗುರಿ ಇಟ್ಟುಕೊಂಡು ಬರುವವರು ಅಪರೂಪ. ಹೆಚ್ಚಿನವರು ಇನ್‌ಸ್ಟಾಗ್ರಾಮ್ ತರಹದ್ದೇ ಒಂದನ್ನು ಮಾಡುವೆನೆಂದು ಬರುತ್ತಾರೆ.

ಯಾವುದರಲ್ಲಿ ಬರೆಯುವುದು

ಮೊದಲು ಅವಳು ಹಿಡಿದದ್ದು ಬ್ಲಾಕ್ ಜೋಡಿಸುವ ದಾರಿ. ಆ್ಯಪ್ ಇನ್ವೆಂಟರ್ ಎಂಬ ಸಾಧನ 2010ರಲ್ಲಿ ಗೂಗಲ್‌ನಿಂದ ಹೊರಬಂತು. 2012ರಿಂದ ಅಮೆರಿಕದ ಎಂಐಟಿ ಅದನ್ನು ನಡೆಸುತ್ತಿದೆ. ಕೋಡ್ ಟೈಪ್ ಮಾಡುವ ಗೋಜಿಲ್ಲ. ‘ಈ ಬಟನ್ ಒತ್ತಿದಾಗ’ ಎಂಬ ತುಂಡಿಗೆ ‘ಇಷ್ಟು ಕೂಡಿಸು’ ಎಂಬ ತುಂಡನ್ನು ಸಿಕ್ಕಿಸಿದರೆ ಆಯಿತು. ಶಾಲೆಯ ಕಂಪ್ಯೂಟರ್ ಕೋಣೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಅದು ಹುಟ್ಟಿದ್ದೇ ದೊಡ್ಡ ಪರದೆಗೆ. ತುಂಡು ಜೋಡಿಸುವ ಕೆಲಸ ಕಂಪ್ಯೂಟರಿನ ಬ್ರೌಸರ್‌ನಲ್ಲಿ, ಫೋನ್ ಇರುವುದು ಪರೀಕ್ಷಿಸಿ ನೋಡಲಿಕ್ಕೆ. ಅಂಗೈಯಗಲದ ಪರದೆಯಲ್ಲಿ ಎಳೆಯಲು ಹೋದರೆ ಬೆರಳ ಕೆಳಗೇ ಬ್ಲಾಕ್ ಮರೆಯಾಗುತ್ತದೆ, ಬಿಟ್ಟರೆ ಬೇರೆಲ್ಲೋ ಕೂರುತ್ತದೆ.

ಪಾಕೆಟ್ ಕೋಡ್ ಎಂಬುದು ಬೇರೆ. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಫೋನಿನಲ್ಲೇ ಬ್ಲಾಕ್ ಜೋಡಿಸಲೆಂದೇ ಮಾಡಿದ್ದು. ಅದರಲ್ಲಿ ಅವಳು ಮೇಲಿನಿಂದ ಬೀಳುವ ರೊಟ್ಟಿಯನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಮಾಡಿದಳು. ತಮ್ಮ ಒಂದು ದಿನ ಆಡಿದ, ಬಿಟ್ಟ. ಆಟ, ಚಿತ್ರ, ಚಲನೆಗೆ ಅದು ಹೇಳಿ ಮಾಡಿಸಿದ್ದು. ಆರು ಜನರ ವಾರದ ಪಟ್ಟಿಯನ್ನು ಕೋಷ್ಟಕವಾಗಿ ತೋರಿಸಬೇಕೆಂದರೆ ಮೈ ಬಗ್ಗಿಸಬೇಕಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು, ಒಪ್ಪದವರು ಇರಬಹುದು: ಫೋನ್ ಒಂದೇ ಇರುವವರು ಬ್ಲಾಕುಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಬಾರದು. ನೇರ ಎಚ್‌ಟಿಎಂಎಲ್ (ವೆಬ್ ಪುಟದ ರೂಪ ಬರೆಯುವ ಭಾಷೆ) ಮತ್ತು ಜಾವಾಸ್ಕ್ರಿಪ್ಟ್‌ಗೆ (ಆ ಪುಟ ಏನು ಮಾಡಬೇಕೆಂದು ಹೇಳುವ ಭಾಷೆ) ಹೋಗಬೇಕು. ಅದನ್ನು ಓಡಿಸುವ ಬ್ರೌಸರ್ ಪ್ರತಿ ಫೋನಿನಲ್ಲೂ ಮೊದಲೇ ಇದೆ, ಬೇರೇನೂ ಹಾಕಬೇಕಿಲ್ಲ. ಪೂರ್ತಿ ಆ್ಯಪ್ ಒಂದೇ ಫೈಲಿನಲ್ಲಿ ಹಿಡಿಸುತ್ತದೆ. ಹಾಳಾದರೆ ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಟ್ಟ ನಿನ್ನೆಯ ಫೈಲ್ ಇದ್ದೇ ಇರುತ್ತದೆ. ಬರೆಯಲು ಏಕೋಡ್, ಸ್ಪಕ್ ತರಹದ ಎಡಿಟರ್‌ಗಳು ಪುಕ್ಕಟೆ ಸಿಗುತ್ತವೆ.

ಹುಡುಗಿಯ ಕಾಲೇಜು ಧಾರವಾಡದಲ್ಲಿ. ಹೋಗಿ ಬರುವುದು ಚಿಗರಿ ಬಸ್ಸಿನಲ್ಲಿ. ಸೀಟು ಸಿಕ್ಕ ದಿನ ಅಲ್ಲೇ ಬರೆಯುತ್ತಿದ್ದಳು, ನಿಂತ ದಿನ ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದಳು. ನಿಂತು ಓದಿದ ದಿನವೇ ತಪ್ಪು ಹೆಚ್ಚು ಸಿಗುತ್ತಿದ್ದವಂತೆ.

ಕೀಬೋರ್ಡಿನ ಉಪಕಾರ

ಮೊದಲ ವಾರಗಳ ತಪ್ಪುಗಳಲ್ಲಿ ಅರ್ಧಕ್ಕರ್ಧ ಅವಳವಲ್ಲ, ಕೀಬೋರ್ಡಿನವು. ಫೋನಿನ ಕೀಬೋರ್ಡ್ ನಮಗೆ ಉಪಕಾರ ಮಾಡಲು ಹೊರಟಿರುತ್ತದೆ. ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ಜಾವಾಸ್ಕ್ರಿಪ್ಟಿಗೆ ಸಣ್ಣ ಅಕ್ಷರದ ‘ಲೆಟ್’ (let) ಎಂಬ ಆದೇಶ ಗೊತ್ತು, ದೊಡ್ಡ ಅಕ್ಷರದ್ದು ಗೊತ್ತಿಲ್ಲ. ಸಾಲು ಒಳಸರಿಸಲೆಂದು ಎರಡು ಸಲ ಸ್ಪೇಸ್ ಒತ್ತಿದರೆ ಪೂರ್ಣವಿರಾಮ ಬಂದು ಕೂರುತ್ತದೆ. ಇನ್ನು ಯಾರೋ ಚಂದ ಮಾಡಿ ಹಂಚಿದ ನೋಟ್ಸಿನಿಂದ ಕೋಡ್ ನಕಲು ಮಾಡಿದರೆ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬರುತ್ತವೆ. ಕಣ್ಣಿಗೆ ಚಂದ, ಪ್ರೋಗ್ರಾಮಿಗೆ ವರ್ಜ್ಯ. ಸೆಟ್ಟಿಂಗ್ಸ್‌ಗೆ ಹೋಗಿ ಸ್ವಯಂ ತಿದ್ದುಪಡಿ, ಸ್ವಯಂ ದೊಡ್ಡಕ್ಷರ, ಎರಡು ಸ್ಪೇಸಿಗೆ ಚುಕ್ಕೆ ಮೂರನ್ನೂ ಬಂದ್ ಮಾಡಿದ ಮೇಲೆ ಅವಳ ತಪ್ಪುಗಳು ಅವಳವೇ ಆದವು.

ಅವುಗಳಲ್ಲಿ ಒಂದನ್ನು ಹೇಳಬೇಕು. ಆ್ಯಪ್‌ನ ಮೊದಲ ರೂಪದಲ್ಲಿ ಬೆಳಗಿನ ರೊಟ್ಟಿ, ಮಧ್ಯಾಹ್ನದ ರೊಟ್ಟಿ ಎರಡು ಖಾನೆ. ಕೂಡಿಸಿ ದರದಿಂದ ಗುಣಿಸಬೇಕು. 60, 45 ಹಾಕಿದರೆ ಒಟ್ಟು 6045 ಎಂದು ಬಂತು. ತಾಯಿ ನಕ್ಕು, ‘ಆರ ಸಾವಿರ ರೊಟ್ಟಿ! ಹಂಗಾರ ನಾಳಿಂದ ಹಂಚ ಇಳಸೂಣು’ ಎಂದರಂತೆ. ಹುಡುಗಿಗೆ ಸೋಜಿಗವಾದದ್ದು ಬೇರೆ ಸಂಗತಿ. ‘ಸರ, ಒಂದ ಖಾನೆ ಇದ್ದಾಗ ಗುಣಾಕಾರ ಬರೊಬ್ಬರಿ ಬರ್ತಿತ್ರಿ. ಕೂಡಸೂದಷ್ಟ ತಪ್ಪಾಕತ್ತೈತ್ರಿ.’

ಅವಳು ಸರಿಯಾದ ಎಳೆಯನ್ನೇ ಹಿಡಿದಿದ್ದಳು. ಪುಟದ ಖಾನೆಯಲ್ಲಿ ತುಂಬಿದ್ದು ಪ್ರೋಗ್ರಾಮಿಗೆ ಮುಟ್ಟುವುದು ಸಂಖ್ಯೆಯಾಗಿ ಅಲ್ಲ, ಅಕ್ಷರಗಳ ಸಾಲಾಗಿ. ಗುಣಿಸು ಎಂದರೆ ಜಾವಾಸ್ಕ್ರಿಪ್ಟ್ ಅದನ್ನು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ, ಏಕೆಂದರೆ ಅಕ್ಷರಗಳನ್ನು ಗುಣಿಸುವುದಕ್ಕೆ ಬೇರೆ ಅರ್ಥವಿಲ್ಲ. ಅಧಿಕ ಚಿಹ್ನೆಗೆ ಮಾತ್ರ ಎರಡು ಅರ್ಥ: ಸಂಖ್ಯೆಗಳಿದ್ದರೆ ಮೊತ್ತ, ಅಕ್ಷರಗಳಿದ್ದರೆ ಒಂದರ ಬಾಲಕ್ಕೆ ಇನ್ನೊಂದು. ಖಾನೆಯಿಂದ ತೆಗೆದ ಕೂಡಲೇ ‘ನಂಬರ್’ ಎಂಬ ಆದೇಶದಿಂದ ಸಂಖ್ಯೆ ಮಾಡಿಕೊಂಡರೆ ಮುಗಿಯಿತು. ಆಗಲೂ ಒಂದು ತಕರಾರು ಉಳಿಯಿತು. ತಾಯಿಯ ಕೀಬೋರ್ಡ್ ಕನ್ನಡದ್ದು. ಅವರು ೬೦ ಎಂದು ಹಾಕಿದರೆ ಆ ಆದೇಶಕ್ಕೆ ಕನ್ನಡ ಅಂಕಿ ತಿಳಿಯುವುದಿಲ್ಲ, ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ. ಖಾನೆಯನ್ನೇ ಸಂಖ್ಯೆಯ ಖಾನೆ ಎಂದು ಘೋಷಿಸಿ, ಫೋನ್ ತಾನಾಗಿ 0ರಿಂದ 9ರ ಅಂಕಿಗಳ ಕೀಲಿಮಣೆ ತೋರಿಸುವಂತೆ ಮಾಡಿದಳು.

ಇದರ ಜತೆಗೆ ಒಂದು ಒಳ್ಳೆಯ ಸುದ್ದಿಯೂ ಉಂಟು. ಜಾವಾಸ್ಕ್ರಿಪ್ಟ್‌ನಲ್ಲಿ ಚರಾಂಶದ, ಅಂದರೆ ಅಂಕಿ ತುಂಬಿಡುವ ಡಬ್ಬಿಯ, ಹೆಸರನ್ನು ಕನ್ನಡದಲ್ಲೇ ಇಡಬಹುದು. ಅವಳ ಕೋಡಿನಲ್ಲಿ ‘ರೊಟ್ಟಿ’, ‘ದರ’, ‘ಕೈಗಡ’ ಎಂದೇ ಇವೆ. ವೃತ್ತಿಯಲ್ಲಿರುವವರು ಮೂಗು ಮುರಿಯಬಹುದು. ರಾತ್ರಿ ಹತ್ತಕ್ಕೆ ತಪ್ಪು ಹುಡುಕುವ ಹದಿನೇಳರ ಹುಡುಗಿಗೆ ಯಾವುದು ತನ್ನ ಹೆಸರು, ಯಾವುದು ಭಾಷೆಯ ಪದ ಎಂಬುದು ಒಂದೇ ನೋಟಕ್ಕೆ ಬೇರೆಯಾಗಿ ಕಾಣುತ್ತದೆ. ನಾನು ಅದನ್ನು ಬದಲಿಸಲು ಹೇಳಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯದ ನಿಯಮಗಳು

ಕೂಡುವುದು ಸರಿಯಾದರೂ ಆ್ಯಪ್‌ನ ಮೊತ್ತ ತಾಯಿಯ ಮೊತ್ತಕ್ಕೆ ಹೊಂದಲಿಲ್ಲ. ನೋಟ್‌ಬುಕ್ಕಿನಲ್ಲಿ 306 ರೊಟ್ಟಿಗೆ ಕೂಲಿ ಕೊಟ್ಟಿದ್ದರೆ ಗೋಡೆಯ ಲೆಕ್ಕ 300 ಇರುತ್ತಿತ್ತು. ಹುಡುಗಿ ತನ್ನ ಕೋಡನ್ನು ಮತ್ತೆ ಮತ್ತೆ ಓದಿದಳು. ಸಿಗಲಿಲ್ಲ. ಕೊನೆಗೆ ತಾಯಿಯನ್ನೇ ಕೇಳಿದಾಗ ಹೊರಬಿದ್ದದ್ದು ಕೊಸರು. ಖಾನಾವಳಿಯವರಿಗೆ ನೂರಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಕೊಡುವ ಪದ್ಧತಿ, ದಾರಿಯಲ್ಲಿ ಮುರಿದದ್ದಕ್ಕೆ ಬದಲಾಗಿ. ಆ ಕೊಸರು ಕಟ್ಟಿನ ಲೆಕ್ಕದಲ್ಲಿಲ್ಲ, ಗೋಡೆಯ ಗೆರೆಯಲ್ಲೂ ಇಲ್ಲ. ಬಡಿದವರಿಗೆ ಮಾತ್ರ ಅದರ ಕೂಲಿ ಸೇರಿಸಿ ಕೊಡುತ್ತಾರೆ. ‘ಬಡದಾಳಲ್ಲ ಮತ್ತ! ರೊಕ್ಕಾ ಕೊಡದ ಹೆಂಗ ಬಿಡ್ಲಿ?’ ಎಂಬುದು ತಾಯಿಯ ಉತ್ತರ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇನ್ನೊಂದು, ಮುರುಕು. ಹಂಚಿನ ಮೇಲೆಯೇ ಹರಿದರೆ ಬಡಿದವರ ಲೆಕ್ಕಕ್ಕಿಲ್ಲ. ಆರಿದ ಮೇಲೆ ಕಟ್ಟುವಾಗ ಮುರಿದರೆ ಮನೆಯವರ ನಷ್ಟ. ಇದನ್ನು ಗೋಡೆಯ ಗೆರೆಯೇ ನಿಭಾಯಿಸುತ್ತಿತ್ತು, ಕಟ್ಟಿಗೆ ಹೋಗುವ ಮೊದಲೇ ಗೆರೆ ಬೀಳುತ್ತಿದ್ದುದರಿಂದ. ಆ್ಯಪ್‌ಗೂ ಅದೇ ಘಳಿಗೆಯಲ್ಲಿ ಹಾಕಬೇಕು, ರಾತ್ರಿ ಕಟ್ಟು ಎಣಿಸಿ ಹಾಕುವಂತಿಲ್ಲ ಎಂಬುದು ಹೀಗೆ ತೀರ್ಮಾನವಾಯಿತು. ಈ ತೀರ್ಮಾನವೇ ಮುಂದೆ ಕಾಡಿತು, ಕಾಪಾಡಿದ್ದೂ ಇದೇ.

ಕೈಗಡದ್ದು ಮೂರನೆಯದು. ಹಬ್ಬಕ್ಕೋ ಆಸ್ಪತ್ರೆಗೋ ಮುಂಗಡ ಒಯ್ದವರ ಕೂಲಿಯಲ್ಲಿ ವಾರಕ್ಕಿಷ್ಟು ಮುರಿದುಕೊಳ್ಳಬೇಕು. ಎಷ್ಟು? ಹುಡುಗಿ ನಾಲ್ಕನೇ ಒಂದು ಭಾಗ ಎಂದು ಬರೆದಿದ್ದಳು. ತಾಯಿ ಒಪ್ಪಲಿಲ್ಲ. ಒಬ್ಬಾಕೆಯ ಮಗ ಮೊನ್ನೆಯಷ್ಟೇ ಕೆಲಸ ಬಿಟ್ಟಿದ್ದಾನೆ, ಈ ತಿಂಗಳು ಏನೂ ಮುರಿಯಬಾರದು. ಇನ್ನೊಬ್ಬಾಕೆ ತಾನೇ ‘ಹೆಚ್ಚಿಗಿ ಮುರಕೋರಿ ಅಕ್ಕಾರ, ಲಗೂನ ಮುಗಿಲಿ’ ಎಂದಿದ್ದಾಳೆ. ‘ಅದನ್ನೆಲ್ಲಾ ನಿನ್ನ ಫೋನಿಗೆ ಏನಂತ ಹೇಳ್ತಿ? ನಾ ನೋಡಿ ಮುರಕೋತೀನಿ.’ ಆ ಲೆಕ್ಕ ಸೂತ್ರಕ್ಕೆ ಸಿಗುವಂಥದ್ದಲ್ಲ ಎಂದು ಹುಡುಗಿಗೂ ಒಪ್ಪಿಗೆಯಾಯಿತು. ಅಲ್ಲೊಂದು ಖಾಲಿ ಖಾನೆ ಬಿಟ್ಟಳು. ಬಟವಾಡೆಯ ಹೊತ್ತಿಗೆ ತಾಯಿ ತುಂಬುತ್ತಾರೆ, ಉಳಿದ ಬಾಕಿಯನ್ನಷ್ಟೇ ಆ್ಯಪ್ ತೋರಿಸುತ್ತದೆ. ಇಡೀ ಆ್ಯಪ್‌ನಲ್ಲಿ ನನಗೆ ಬಹಳ ಹಿಡಿಸಿದ ಭಾಗ ಈ ಖಾಲಿ ಖಾನೆ.

ಅವ್ವನ ಫೋನಿಗೆ ದಾಟಿಸಿದ್ದು

ಮಗಳ ಫೋನ್ ಹಗಲೆಲ್ಲ ಧಾರವಾಡದಲ್ಲಿ, ರೊಟ್ಟಿ ಹುಬ್ಬಳ್ಳಿಯಲ್ಲಿ. ಆದ್ದರಿಂದ ಆ್ಯಪ್ ಓಡಬೇಕಾದದ್ದು ತಾಯಿಯ ಫೋನಿನಲ್ಲಿ. ಪುಟವನ್ನು ಗಿಟ್‌ಹಬ್ ಪೇಜಸ್ ಎಂಬ, ವೆಬ್ ಪುಟಗಳಿಗೆ ಜಾಗ ಕೊಡುವ ತಾಣದಲ್ಲಿ ಇಟ್ಟಳು. ಎಲ್ಲರಿಗೂ ತೆರೆದಿಟ್ಟ ಕೋಡಿಗೆ ಅಲ್ಲಿ ಜಾಗ ಪುಕ್ಕಟೆ, ಫೈಲ್ ಏರಿಸುವುದು ಫೋನಿನ ಬ್ರೌಸರ್‌ನಿಂದಲೇ ಆಗುತ್ತದೆ. ತಾಯಿಯ ಫೋನಿನ ಕ್ರೋಮ್‌ನಲ್ಲಿ ತೆರೆದು ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಒತ್ತಿದರೆ ಉಳಿದ ಆ್ಯಪ್‌ಗಳ ಸಾಲಿನಲ್ಲೇ ಒಂದು ಗುರುತು ಬರುತ್ತದೆ. ನೆಟ್ ಇಲ್ಲದಿದ್ದರೂ ತೆರೆಯಲೆಂದು ಸರ್ವಿಸ್ ವರ್ಕರ್ ಎಂಬ ಸಣ್ಣ ಫೈಲನ್ನೂ ಸೇರಿಸಿದಳು. ಅದು ಪುಟದ ಒಂದು ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ.

‘ನಮ್ಮ ಲೆಕ್ಕಾ ಊರ ಮಂದಿಗೆಲ್ಲಾ ಕಾಣ್ತೈತೇನು?’ ಎಂದು ತಾಯಿ ಕೇಳಿದರು. ಸರಿಯಾದ ಪ್ರಶ್ನೆ. ಎಲ್ಲರಿಗೂ ಕಾಣುವುದು ಕೋಡ್ ಮಾತ್ರ. ರೊಟ್ಟಿ, ಕೂಲಿ, ಕೈಗಡದ ಅಂಕಿಗಳು ಲೋಕಲ್ ಸ್ಟೋರೇಜ್ ಎಂಬಲ್ಲಿ, ಆಯಾ ಫೋನಿನ ಬ್ರೌಸರ್ ಒಳಗೇ ಉಳಿಯುತ್ತವೆ. ಹಾಗೆಂದೇ ಅದಕ್ಕೊಂದು ಅಪಾಯವೂ ಇದೆ: ಫೋನಿನಲ್ಲಿ ಜಾಗ ಸಾಲದೆಂದು ಯಾರಾದರೂ ಕ್ರೋಮ್‌ನ ಡೇಟಾ ಅಳಿಸಿದರೆ ಲೆಕ್ಕವೂ ಹೋಯಿತು. ಅದಕ್ಕಾಗಿ ವಾರದ ಕೊನೆಗೆ ಇಡೀ ಲೆಕ್ಕವನ್ನು ಪಠ್ಯವಾಗಿ ಮಗಳ ವಾಟ್ಸ್‌ಆ್ಯಪ್‌ಗೆ ಕಳಿಸುವ ಒಂದು ಬಟನ್ ಮಾಡಿದಳು.

ಜಾಗ ಬದಲಿಸಿದ ದಿನ ಮನೆಯಲ್ಲಿ ಸಣ್ಣ ಗದ್ದಲವಾಯಿತು. ಮಗಳು ಎಡಿಟರ್‌ನಲ್ಲೇ ಓಡಿಸಿ ಹಾಕಿಟ್ಟಿದ್ದ ಪ್ರಾಯೋಗಿಕ ಲೆಕ್ಕವೆಲ್ಲ ಹೊಸ ವಿಳಾಸದಲ್ಲಿ ಮಾಯ. ಬ್ರೌಸರ್ ಪ್ರತಿ ವಿಳಾಸಕ್ಕೂ ಬೇರೆ ಬೇರೆ ಸಂಗ್ರಹ ಇಟ್ಟಿರುತ್ತದೆ, ಒಂದರದ್ದನ್ನು ಇನ್ನೊಂದಕ್ಕೆ ತೋರಿಸುವುದಿಲ್ಲ. ಇಲ್ಲದಿದ್ದರೆ ನಮ್ಮ ಬ್ಯಾಂಕಿನ ಪುಟ ಇಟ್ಟದ್ದನ್ನು ಯಾವುದೋ ಜಾಹೀರಾತಿನ ಪುಟ ಓದುತ್ತಿತ್ತು. ಹಳೆಯ ವಿಳಾಸ ತೆರೆದು, ಪಠ್ಯವಾಗಿ ಹೊರತೆಗೆದು, ಹೊಸದರಲ್ಲಿ ತುಂಬಿದಳು.

ತಾಯಿಯ ಕೈಗೆ ಕೊಟ್ಟ ಮೇಲೆ ರೂಪವೂ ಬದಲಾಯಿತು. ಹಿಟ್ಟಿನ ಕೈಗೆ ಟೈಪ್ ಮಾಡುವುದು ಆಗದ ಮಾತು. ಬೆರಳ ತುದಿಯಲ್ಲಿ ಒಣಗಿದ ಹಿಟ್ಟಿದ್ದರೆ ಪರದೆ ಕೇಳುವುದಿಲ್ಲ, ಒದ್ದೆಯಾಗಿದ್ದರೆ ಕೇಳಬಾರದ್ದನ್ನೂ ಕೇಳುತ್ತದೆ. ತಾಯಿ ಬೆರಳ ಗಿಣ್ಣಿನಿಂದ ಒತ್ತುತ್ತಿದ್ದರು. ಗಿಣ್ಣಿಗೆ ಸಣ್ಣ ಬಟನ್ ಸಿಗುವುದಿಲ್ಲ. ಆದ್ದರಿಂದ ಹೆಸರಿನ ಮುಂದೆ ಮೂರೇ ದೊಡ್ಡ ಬಟನ್: 25, 5, 1. ಕೆಳಗೆ ಅಷ್ಟೇ ದೊಡ್ಡದಾಗಿ ‘ತಪ್ಪಾತು’ ಎಂಬ ನಾಲ್ಕನೆಯದು. ಒತ್ತಿದರೆ ಕೊನೆಯದಾಗಿ ಹಾಕಿದ್ದು ವಾಪಸ್.

ಒಂದು ತಿಂಗಳು ನೋಟ್‌ಬುಕ್ ಮತ್ತು ಫೋನ್ ಎರಡೂ ನಡೆದವು. ಆಗ ಎಲ್ಲ ಕೂಡಿತು. ಆ ತಿಂಗಳು ಕೆಲಸ ಕಡಿಮೆ, ಎಲ್ಲರೂ ಬೆಳಕು ಹರಿದ ಮೇಲೆ ಬರುತ್ತಿದ್ದರು. ಇದು ಮುಖ್ಯ ಎಂದು ಗೊತ್ತಾದದ್ದು ಆಮೇಲೆ.

ಆಯಿಯ ರವಿವಾರ

ಮದುವೆಯ ಹಂಗಾಮು ಶುರುವಾಯಿತು. ಬೇಡಿಕೆ ಏರಿತು, ನೋಟ್‌ಬುಕ್ ನಿಂತಿತು, ಬಟವಾಡೆ ಪೂರ್ತಿ ಫೋನಿನ ಮೇಲೆ. ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯರನ್ನು ಮನೆಯವರು ಆಯಿ ಎನ್ನುತ್ತಾರೆ. ಹಂಗಾಮಿನಲ್ಲಿ ಅವರು ಮೂರಕ್ಕೆಲ್ಲ ಬಂದು ಹಂಚಿನ ಮುಂದೆ ಕೂತು, ಐದರ ಸುಮಾರಿಗೆ ಎದ್ದು ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಬೇರೆ ಎರಡು ಮನೆಯ ಕಸ ಮುಸುರೆ ಇದೆ. ಹೋಗುವ ಮೊದಲು ಅವರ ರೊಟ್ಟಿ ಎಣಿಸಿ ಹಾಕುವುದು ಮಗಳ ಪಾಳಿ. ಉಳಿದವರು ಬರುವುದು ಆರರ ಮೇಲೆ.

ಮೊದಲ ರವಿವಾರ ಆಯಿ ದುಡ್ಡು ಎಣಿಸಿ, ಒಂದು ದಿನದ್ದು ಕಡಿಮೆ ಐತಿ ಎಂದರು. ಆ್ಯಪ್ ತೆರೆದರೆ ನಿಜವಾಗಿಯೂ ರವಿವಾರದ ಖಾನೆ ಖಾಲಿ. ‘ಇವತ್ತ ಬಂದಿದ್ಲಲ್ಲ, ನಾನ ಚಾ ಕೊಟ್ಟೀನಿ’ ಎಂದರು ತಾಯಿ. ಮಗಳು ಹಾಕುವುದನ್ನು ಮರೆತಿರಬೇಕು ಎಂದುಕೊಂಡರು. ಮುಂದಿನ ವಾರವೂ ಅದೇ ಆಯಿತು. ಮಗಳು ತಾನು ಹಾಕಿದ್ದೇನೆ ಎಂದು ಹಟ, ಖಾನೆ ಖಾಲಿ. ಆಯಿ ಗೋಡೆ ತೋರಿಸಿದರು: ‘ಗ್ವಾಡಿ ಮ್ಯಾಲ ಗೆರಿ ಅದಾವು, ಎಣಸ್ಕೋರಿ. ನನ್ನ ರೊಟ್ಟಿ ನಿಮ್ಮ ಫೋನ್ ನುಂಗೇತಿ.’ ಗೋಡೆಯ ಗೆರೆ ಎಣಿಸಿದರೆ ಆಯಿ ಹೇಳಿದ್ದೇ ಸರಿ. ಆ ವಾರ ತಾಯಿ ಗೋಡೆಯ ಪ್ರಕಾರವೇ ದುಡ್ಡು ಕೊಟ್ಟರು. ಮಗಳು ರವಿವಾರದ ಖಾನೆಗೆ 80 ಎಂದು ಕೈಯಾರೆ ಮತ್ತೆ ಹಾಕಿದಳು.

ಮರುದಿನ ಸೋಮವಾರ, ನಸುಕು. ಆಯಿಯ 75 ರೊಟ್ಟಿ ಹಾಕಿದಳು. ಪರದೆಯಲ್ಲಿ ‘ಇಂದು’ ಎಂಬುದರ ಕೆಳಗೆ 155 ಎಂದು ಬಂತು. ನಿದ್ದೆಗಣ್ಣು ಎಂದುಕೊಂಡು ಮತ್ತೆ ನೋಡಿದರೆ 155ರ ಮೇಲಿನ ತಾರೀಕು ನಿನ್ನೆಯದು. ಫೋನಿನ ಮುಂಪರದೆಯಲ್ಲಿ ತಾರೀಕು ಸರಿಯಾಗಿಯೇ ಇತ್ತು. ಪರದೆಯ ಚಿತ್ರ ತೆಗೆದು ನನಗೆ ಕಳಿಸಿದಳು. ಚಿತ್ರದ ಮೇಲಂಚಿನಲ್ಲಿ ಗಂಟೆ 5:04.

ಆ ಗಂಟೆಯಲ್ಲೇ ಉತ್ತರ ಇತ್ತು, ಆದರೆ ಹೇಳಿಬಿಟ್ಟರೆ ಅವಳು ಕಲಿಯುವುದೇನು? ಮಧ್ಯಾಹ್ನ ಫೋನಿನ ಸ್ವಯಂಚಾಲಿತ ಸಮಯ ಬಂದ್ ಮಾಡಿ, 5:29 ಎಂದು ಇಟ್ಟು, ಆ್ಯಪ್ ತೆರೆದು ಎರಡು ನಿಮಿಷ ಕಾಯಲು ಹೇಳಿದೆ. ಅವಳು ಮಾಳಿಗೆ ಮೇಲೆ ಕೂತು ಮಾಡಿದಳು. ಪುಟವನ್ನು ಮತ್ತೆ ಮತ್ತೆ ತಾಜಾ ಮಾಡುತ್ತ ಕೂತರೆ, 5:29 ಇರುವ ತನಕ ನಿನ್ನೆ. 5:30 ಆದದ್ದೇ ಇಂದು.

ಐದೂವರೆ ಎಂದ ಕೂಡಲೇ ಅವಳಿಗೆ ಹೊಳೆಯಿತು. ಭಾರತದ ಸಮಯ ಜಾಗತಿಕ ಸಮಯಕ್ಕಿಂತ, ಅಂದರೆ ಲಂಡನ್ನಿನ ಗ್ರೀನಿಚ್ ಸಮಯಕ್ಕಿಂತ, ಐದೂವರೆ ತಾಸು ಮುಂದೆ. ತಾರೀಕಿಗಾಗಿ ಅವಳು ಒಂದು ವಿಡಿಯೊದಿಂದ ಎತ್ತಿಕೊಂಡ ಸಾಲಿನಲ್ಲಿ ‘ಟು ಐಎಸ್‌ಒ ಸ್ಟ್ರಿಂಗ್’ ಎಂಬ ಆದೇಶವಿತ್ತು. ಅದರ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ ವರ್ಷ, ತಿಂಗಳು, ದಿನ ಅಚ್ಚುಕಟ್ಟಾಗಿ ಸಿಗುತ್ತವೆ. ನೆಟ್ಟಿನ ತುಂಬ ಈ ಸಾಲು ಓಡಾಡುತ್ತಿದೆ. ಆದರೆ ಅದು ಕೊಡುವುದು ಜಾಗತಿಕ ಸಮಯದ ತಾರೀಕು. ಹುಬ್ಬಳ್ಳಿಯಲ್ಲಿ ಸೋಮವಾರ ಬೆಳಗಿನ 5:04 ಆಗಿದ್ದಾಗ ಆ ಲೆಕ್ಕದಲ್ಲಿ ಇನ್ನೂ ರವಿವಾರ ರಾತ್ರಿ 11:34. ಹಗಲು ಹತ್ತಕ್ಕೆ ಎದ್ದು ಕೋಡ್ ಬರೆಯುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣಿಸುವುದಿಲ್ಲ. ಮೂರಕ್ಕೆ ಹಂಚು ಹಚ್ಚುವ ಮನೆಯಲ್ಲಿ ದಿನಾ ಕಾಣುತ್ತದೆ.

ಎಲ್ಲ ದಿನವೂ ಹೀಗೆ ಒಂದು ದಿನ ಹಿಂದೆ ಸರಿಯುತ್ತಿದ್ದರೆ ಒಂದು ದಿನದ ಕೂಲಿ ಮಾತ್ರ ಯಾಕೆ ಕಡಿಮೆಯಾಗುತ್ತಿತ್ತು? ಅದನ್ನೂ ಅವಳೇ ಬಿಡಿಸಿದಳು. ಮಂಗಳವಾರದ್ದು ಸೋಮವಾರಕ್ಕೆ, ಬುಧವಾರದ್ದು ಮಂಗಳವಾರಕ್ಕೆ ಹೋದರೂ ವಾರದ ಒಳಗೇ ಇದ್ದವು, ಮೊತ್ತ ಕೆಡುತ್ತಿರಲಿಲ್ಲ. ರವಿವಾರದ್ದು ಶನಿವಾರಕ್ಕೆ ಹೋಗಿ ರವಿವಾರ ಖಾಲಿ ಕಾಣುತ್ತಿತ್ತು. ಕಾಣೆಯಾದದ್ದು ನಿಜವಾಗಿ ರವಿವಾರದ್ದಲ್ಲ, ಸೋಮವಾರದ್ದು. ಅದು ಹಿಂದಿನ ರವಿವಾರಕ್ಕೆ, ಅಂದರೆ ಆಗಲೇ ಬಟವಾಡೆ ಮುಗಿದ ವಾರಕ್ಕೆ ಹೋಗಿ ಕೂರುತ್ತಿತ್ತು.

ಹಾಗಾದರೆ ಯಾವ ರೊಟ್ಟಿಯೂ ಕಳೆದಿರಲಿಲ್ಲ. ಮೊದಲ ವಾರದ ಸೋಮವಾರದ ರೊಟ್ಟಿ ಅದರ ಹಿಂದಿನ ರವಿವಾರದ ಕೆಳಗೆ ಇತ್ತು. ಆಯಿಯ ಬಾಕಿಯನ್ನು ಅಲ್ಲಿಂದ ಎತ್ತಿ ಲೆಕ್ಕ ಹಾಕಿದರು. ತಾನು ಕೈಯಾರೆ ಹಾಕಿದ 80ನ್ನು ತೆಗೆದುಹಾಕಿದಳು, ಅಷ್ಟರ ದುಡ್ಡು ಗೋಡೆಯ ಲೆಕ್ಕದಲ್ಲಿ ಸಂದಾಯವಾಗಿತ್ತು. ಆಯಿ ಬಾಕಿ ಎಣಿಸಿಕೊಂಡರು, ಕಾರಣ ಕೇಳಲಿಲ್ಲ. ಮಗಳು ಹೇಳಲು ಹೋದರೆ, ‘ಲಂಡನ್ನಿನ ವ್ಯಾಳ್ಯಾ ತಗೊಂಡು ನಾ ಏನ ಮಾಡ್ಲೆವ್ವಾ’ ಎಂದರಂತೆ.

ತಿದ್ದುವುದು ಮೂರು ಸಾಲಿನ ಕೆಲಸ. ವರ್ಷ, ತಿಂಗಳು, ದಿನವನ್ನು ಫೋನಿನ ಸ್ಥಳೀಯ ಸಮಯದಿಂದ ಬೇರೆ ಬೇರೆ ಕೇಳಿ ಜೋಡಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕೂಡಿಸಬೇಕು, ಒಂಟಿ ಅಂಕಿಯಾದರೆ ಮುಂದೊಂದು ಸೊನ್ನೆ ಹಚ್ಚಬೇಕು. ಅದರ ಜತೆಗೆ ಪ್ರತಿ ನಮೂದಿನಲ್ಲೂ ಬಟನ್ ಒತ್ತಿದ ಕ್ಷಣವನ್ನು, 1970ರ ಜನವರಿ 1ರಿಂದ ಎಣಿಸುವ ಮಿಲಿಸೆಕೆಂಡುಗಳ ಸಂಖ್ಯೆಯಾಗಿ, ಉಳಿಸಿಡುವಂತೆ ಮಾಡಿಸಿದೆ. ಮುಂದೆ ತಾರೀಕಿನ ನಿಯಮ ತಪ್ಪಿದರೂ ಆ ಸಂಖ್ಯೆಯಿಂದ ಸರಿಯಾದ ದಿನವನ್ನು ಮತ್ತೆ ಕಂಡುಹಿಡಿಯಬಹುದು. ರಾತ್ರಿ ಒಟ್ಟಿಗೆ ಹಾಕದೆ ಆಗಿಂದಾಗಲೇ ಹಾಕುವ ಪದ್ಧತಿ ಇದ್ದುದರಿಂದ ಆ ಕ್ಷಣಕ್ಕೂ ಬೆಲೆ ಬಂತು.

ತಿದ್ದಿದ ಫೈಲ್ ಏರಿಸಿದಳು. ಮರುದಿನ ನಸುಕಿನಲ್ಲಿ ಮತ್ತೆ ನಿನ್ನೆಯ ತಾರೀಕು! ಸರ್ವಿಸ್ ವರ್ಕರ್ ತಾಯಿಯ ಫೋನಿನಲ್ಲಿ ಇಟ್ಟುಕೊಂಡಿದ್ದ ಹಳೆಯ ಪ್ರತಿಯನ್ನೇ ತೋರಿಸುತ್ತಿತ್ತು. ಸಂಗ್ರಹದ ಹೆಸರನ್ನು ‘ರೊಟ್ಟಿ-1’ರಿಂದ ‘ರೊಟ್ಟಿ-2’ಕ್ಕೆ ಬದಲಿಸಿ, ಹಳೆಯದನ್ನು ಅಳಿಸುವ ಸಾಲು ಸೇರಿಸಿದ ಮೇಲೆ ಹೊಸದು ಬಂತು. ಈಗ ಆ್ಯಪ್‌ನ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಧಾರವಾಡದಿಂದ ಫೋನ್ ಮಾಡಿ ‘ಅವ್ವಾ, ಮೂಲ್ಯಾಗ ಎಷ್ಟೈತಿ ನೋಡು’ ಎಂದರೆ ಸಾಕು.

ಈಗಿನ ಸ್ಥಿತಿ

ಬಟವಾಡೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಗೋಡೆಯ ಗೆರೆ ನಿಂತಿಲ್ಲ, ನಿಲ್ಲಿಸುವ ಮಾತನ್ನು ಯಾರೂ ಎತ್ತಿಲ್ಲ. ಖಾನಾವಳಿಗಳ ಉದ್ರಿ ಲೆಕ್ಕ ಇನ್ನೂ ನೋಟ್‌ಬುಕ್ಕಿನಲ್ಲೇ ಇದೆ. ಅಲ್ಲಿ ಎರಡು ಕಡೆಯವರ ಸಹಿ ಬೇಕು, ಫೋನಿನಲ್ಲಿ ಹಾಕಿದ್ದನ್ನು ಖಾನಾವಳಿಯವರು ಒಪ್ಪುವುದಿಲ್ಲ.

ಪ್ಲೇ ಸ್ಟೋರಿಗೆ ಯಾಕೆ ಹಾಕಲಿಲ್ಲ ಎಂದು ಸೋದರಮಾವ ಕೇಳಿದನಂತೆ. ಡೆವಲಪರ್ ಖಾತೆಗೆ ಹದಿನೆಂಟು ತುಂಬಿರಬೇಕು, ಒಂದು ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಂತರದ ಹೊಸ ವೈಯಕ್ತಿಕ ಖಾತೆಗಳು ಪ್ರಕಟಣೆಗೆ ಮೊದಲು ಒಂದು ಗುಂಪಿನಿಂದ 14 ದಿನ ಪರೀಕ್ಷೆ ಮಾಡಿಸಬೇಕು. ಗುಂಪಿಗೆ ಮೊದಲು 20 ಜನ ಬೇಕಿತ್ತು, ಈಗ 12. ಒಂದು ಮನೆಯ ಲೆಕ್ಕಕ್ಕೆ ಇಷ್ಟೆಲ್ಲ ಯಾಕೆ?

ಪಕ್ಕದ ಓಣಿಯಲ್ಲಿ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ ಮಾಡಿಸುವ ಮನೆಯವರು ತಮಗೂ ಇಂಥದ್ದೊಂದು ಬೇಕೆಂದರು. ಹುಡುಗಿ ಹೋಗಿ ನೋಡಿ ಬಂದಳು. ಅಲ್ಲಿ ಎಣಿಕೆಯಲ್ಲ, ತೂಕ. ಹುರಿಯುವವರಿಗೆ ದಿನದ ಕೂಲಿ, ಕುಟ್ಟುವವರಿಗೆ ಕಿಲೋ ಲೆಕ್ಕ. ರೊಟ್ಟಿಯ ಆ್ಯಪ್ ಅಲ್ಲಿಗೆ ಹೊಂದುವುದಿಲ್ಲ. ಕೋಡ್ ಇನ್ನೂ ಒಂದು ಸಾಲೂ ಬರೆದಿಲ್ಲ. ಆ ಮನೆಯ ನೋಟ್‌ಬುಕ್ಕಿನ ಹಿಂದಿನ ಎರಡು ತಿಂಗಳ ಹಾಳೆಗಳ ಫೋಟೊ ತೆಗೆದುಕೊಂಡು ಬಂದಿದ್ದಾಳೆ. ಹೊಂದದ ಮೊತ್ತಗಳಿಗೆ ಗುರುತು ಹಾಕುತ್ತ, ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದಾಳೆ.